ಪ್ರಮಾಣಿಸಿ ನೋಡು: ಮೊದಲ ವರ್ಷದ ಸೈಕಾಲಜಿ ಬಗ್ಗೆ ಮಡಿಕೇರಿಯಲ್ಲಿ ಆಡಿದ ಮಾತು

ನಾನು ಸೈಕಾಲಜಿ ಕಲಿಸುವವಳು. ಪಿಯುಸಿ ಮುಗಿಸಿದ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಮಾತಾಡಿದ್ದನ್ನು ಆಮೇಲೆ ಕೂತು ಬರೆದಿದ್ದೇನೆ. ಮಾತಿನ ಓಟವನ್ನು ಜಾಸ್ತಿ ತಿದ್ದಿಲ್ಲ. ಅಲ್ಲಿ ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಬಾಗಿಲ ಹತ್ತಿರ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟಿದ್ದಾರಲ್ಲ, ಅದನ್ನು ಕೈಗೆ ತಗೊಳ್ಳಿ. 2018ರ ಆಗಸ್ಟ್ ತಿಂಗಳು ನೆನಪು ಮಾಡಿಕೊಳ್ಳಿ. ನಮ್ಮ ಮಡಿಕೇರಿ ಹತ್ತಿರದ ಜೋಡುಪಾಲದಲ್ಲಿ ಗುಡ್ಡ ಜಾರಿತು ಅನ್ನುವ ಸುದ್ದಿ ಮೊದಲ ಸಲ ಕಿವಿಗೆ ಬಿದ್ದಾಗ ನೀವು ಎಲ್ಲಿದ್ದಿರಿ? ಯಾರು ಹೇಳಿದರು? ಆಗ ಏನು ಮಾಡ್ತಾ ಇದ್ದಿರಿ? ಜೊತೆಗೆ ಯಾರಿದ್ದರು? ನಾಲ್ಕೇ ಸಾಲು ಸಾಕು. ಕೊನೆಗೆ, ಈ ನೆನಪು ಎಷ್ಟು ಖಚಿತ ಅಂತ ಒಂದರಿಂದ ಐದರವರೆಗೆ ಒಂದು ಅಂಕಿ ಹಾಕಿ. ಪಕ್ಕದವರನ್ನು ಕೇಳಬೇಡಿ. ಇಲ್ಲಿರುವ ಮಕ್ಕಳು ಆಗ ಪ್ರೈಮರಿಯಲ್ಲಿದ್ದವರು, ಆದರೂ ಬರೆಯಿರಿ, ನಿಮಗೂ ನೆನಪಿರುತ್ತದೆ.

ಆಯಿತಾ? ಮಡಚಿ ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಮೊನ್ನೆ ಒಬ್ಬ ತಾಯಿ ಫೋನ್ ಮಾಡಿದ್ದರು. "ಮೇಡಂ, ಮಗಳು ಡಿಗ್ರಿಯಲ್ಲಿ ಸೈಕಾಲಜಿ ತಗೊಳ್ತೀನಿ ಅಂತಿದ್ದಾಳೆ, ಅದು ಮನಸ್ಸು ಸರಿ ಇಲ್ಲದವರ ವಿಷಯ ಅಲ್ವಾ?" ಅಂತ ಕೇಳಿದರು. ಅವರ ಆತಂಕ ನನಗೆ ಅರ್ಥ ಆಗುತ್ತದೆ. ಮಕ್ಕಳ ಪ್ರಶ್ನೆ ಇನ್ನೊಂದು. ಪ್ರತಿ ವರ್ಷ ಮೊದಲ ದಿನ ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಮ್ಯಾಮ್, ಇದು ಓದಿದರೆ ಎದುರಿಗಿರುವವರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗುತ್ತಾ?" ಇಬ್ಬರಿಗೂ ನನ್ನ ಉತ್ತರ "ಇಲ್ಲ" ಅಂತಲೇ. ಮನಸ್ಸಿನ ಕಾಯಿಲೆಗಳು ಈ ಕೋರ್ಸಿನಲ್ಲಿ ಒಂದು ಅಧ್ಯಾಯ ಮಾತ್ರ. ಮನಸ್ಸು ಓದುವ ವಿದ್ಯೆ ಯಾವ ಅಧ್ಯಾಯದಲ್ಲೂ ಇಲ್ಲ. ಉಳಿದದ್ದೆಲ್ಲ ನಾವು ದಿನಾ ಮಾಡುವ ಕೆಲಸಗಳ ಬಗ್ಗೆ: ನೋಡುವುದು, ಕೇಳುವುದು, ಕಲಿಯುವುದು, ಮರೆಯುವುದು, ಹೆದರುವುದು, ಇನ್ನೊಬ್ಬರ ಬಗ್ಗೆ ತೀರ್ಮಾನಕ್ಕೆ ಬರುವುದು.

ನಮ್ಮಲ್ಲಿ ಒಂದು ಮಾತಿದೆಯಲ್ಲ, ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ. ಮೊದಲ ವರ್ಷದ ಸೈಕಾಲಜಿ ಅಂದರೆ ಏನು ಅಂತ ಯಾರಾದರೂ ಒಂದೇ ಸಾಲಲ್ಲಿ ಹೇಳಿ ಅಂದರೆ ನಾನು ಈ ಗಾದೆ ಹೇಳುತ್ತೇನೆ. ಮನುಷ್ಯರ ಬಗ್ಗೆ ನಮಗೆಲ್ಲ ಎಷ್ಟೊಂದು ಗೊತ್ತು ಅನಿಸುತ್ತದೆ. ಹೊಡೆದರೆ ಮಕ್ಕಳು ಬುದ್ಧಿ ಕಲಿಯುತ್ತಾರೆ, ಎಡಗೈಯವರು ಹೀಗೆ, ದೊಡ್ಡ ಮಗ ಹಾಗೆ, ಹತ್ತು ಸಲ ಓದಿದರೆ ನೆನಪಿರುತ್ತದೆ. ಇದರಲ್ಲಿ ಯಾವುದು ನಿಜ, ಯಾವುದು ಸುಮ್ನೆ ಬಾಯಿಂದ ಬಾಯಿಗೆ ಬಂದದ್ದು? ಕಂಡುಹಿಡಿಯುವುದು ಹೇಗೆ? ಕೋರ್ಸಿನ ಜೀವ ಇರುವುದು ಈ "ಹೇಗೆ" ಅನ್ನುವುದರಲ್ಲಿ.

ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ. ನಿಮ್ಮ ಎಷ್ಟೋ ಜನರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇದೆ. ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು, ಇಷ್ಟು ಇಂಚು ಇಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಬರೆಯುತ್ತೀರಿ. ನಿಮ್ಮ ಅಪ್ಪ ಬರೆದಿದ್ದಾರೆ, ಅಜ್ಜ ಬರೆದಿದ್ದಾರೆ. ಜುಲೈಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಎಲ್ಲರೂ "ಇಂಥ ಮಳೆ ನನ್ನ ಜೀವಮಾನದಲ್ಲೇ ನೋಡಿಲ್ಲ" ಅನ್ನುತ್ತಾರೆ. ಮನೆಗೆ ಬಂದು ಪುಸ್ತಕ ತೆಗೆದರೆ ಹನ್ನೆರಡು ವರ್ಷದ ಹಿಂದೆ ಇದಕ್ಕಿಂತ ಜಾಸ್ತಿ ಬಂದಿರುತ್ತದೆ. ಹಾಗಂತ ಬಸ್ ಸ್ಟ್ಯಾಂಡಿನವರು ಸುಳ್ಳು ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಹಾಗೆ ಅನಿಸಿದೆ. ಅನಿಸಿದ್ದು ಬೇರೆ, ಅಳೆದದ್ದು ಬೇರೆ. ಸೈಕಾಲಜಿ ಮನುಷ್ಯರ ನಡವಳಿಕೆಗೆ ಇಂಥದ್ದೊಂದು ಪುಸ್ತಕ ಇಡಲು ನೋಡುತ್ತದೆ.

ಈ ಪುಸ್ತಕ ಇಡಲು ಶುರು ಮಾಡಿದ್ದು ತುಂಬಾ ಹಿಂದೇನೂ ಅಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಾಲಯ ತೆರೆದರು, ಅದನ್ನೇ ಈ ಶಾಸ್ತ್ರದ ಹುಟ್ಟು ಅಂತ ಪಠ್ಯದಲ್ಲಿ ಬರೆಯುತ್ತಾರೆ. ಪರೀಕ್ಷೆಗೆ ಬರುವ ಪ್ರಶ್ನೆ, ನೆನಪಿಟ್ಟುಕೊಳ್ಳಿ. ಆದರೆ ಪರೀಕ್ಷೆಗೆ ಬರದ ಇನ್ನೊಂದು ವಿಷಯ ನನಗೆ ಅದಕ್ಕಿಂತ ಇಷ್ಟ. ಭಾರತದಲ್ಲಿ ಮೊದಲ ಸೈಕಾಲಜಿ ವಿಭಾಗ 1916ರಲ್ಲಿ ಕಲ್ಕತ್ತಾದಲ್ಲಿ ಶುರುವಾಯಿತು. ಅದಾಗಿ ಎಂಟೇ ವರ್ಷಕ್ಕೆ, 1924ರಲ್ಲಿ, ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಇನ್ನೊಂದು ಕಟ್ಟಿದರು. ಲಂಡನ್ನಿನಲ್ಲಿ ಸೈಕಾಲಜಿಯ ದೊಡ್ಡ ಪ್ರಾಧ್ಯಾಪಕ ಸ್ಪಿಯರ್‌ಮನ್ ಹತ್ತಿರ ಓದಿ ಬಂದವರು. ಮೈಸೂರಿನ ತಮ್ಮ ಮನೆಯಿಂದ 1935ರಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದವರೂ ಇವರೇ, "ಆಕಾಶವಾಣಿ" ಅನ್ನುವ ಹೆಸರು ಬಂದದ್ದು ಆ ಕೇಂದ್ರದಿಂದ. ನಮ್ಮ ಮಡಿಕೇರಿ ಆಕಾಶವಾಣಿ ಕೇಳುವಾಗ ಆ ಹೆಸರಿನ ಹಿಂದೆ ಒಬ್ಬ ಸೈಕಾಲಜಿ ಮೇಷ್ಟ್ರು ಇದ್ದಾರೆ ಅಂತ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ಇಲ್ಲಿಂದ ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿ ನೂರು ವರ್ಷದಿಂದ ಕಲಿಸುತ್ತಿರುವ ವಿಷಯ ಇದು. ಎಲ್ಲಿಂದಲೋ ಮೊನ್ನೆ ಬಂದ ಫ್ಯಾಶನ್ ಅಂದುಕೊಳ್ಳಬೇಡಿ.

ಇನ್ನು ಕ್ಲಾಸಿನ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ.

ಮೊದಲು ಮಿದುಳು, ನರಮಂಡಲ. ಇಲ್ಲೇ ಅರ್ಧ ಮಕ್ಕಳ ಮುಖ ಬಾಡುತ್ತದೆ, ಅದರಲ್ಲೂ ಸೈನ್ಸ್ ಬೇಡ ಅಂತ ಆರ್ಟ್ಸ್‌ಗೆ ಬಂದವರದ್ದು. ನರಕೋಶದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಬೇಕು, ಹಿಪೊಕ್ಯಾಂಪಸ್ ಅನ್ನುವ, ನೆನಪಿಗೆ ಬೇಕಾದ ಮಿದುಳಿನ ಭಾಗ ಎಲ್ಲಿದೆ ಅಂತ ಹೇಳಬೇಕು. ಮೂರು ವಾರ ತಡೆದುಕೊಳ್ಳಿ ಅಂತ ನಾನು ಕೇಳಿಕೊಳ್ಳುತ್ತೇನೆ. ಮುಂದೆ ನೆನಪಿನ ಅಧ್ಯಾಯ ಬಂದಾಗ ಆ ಹಿಪೊಕ್ಯಾಂಪಸ್ ಮತ್ತೆ ಬರುತ್ತದೆ, ಆಗ ಅದು ಹಳೆಯ ಪರಿಚಯದವರ ಹಾಗೆ ಅನಿಸುತ್ತದೆ.

ನನಗೆ ತುಂಬಾ ಪ್ರೀತಿಯ ಜಾಗ ಪ್ರಾಕ್ಟಿಕಲ್. ಬೇರೆ ಆರ್ಟ್ಸ್ ವಿಷಯಗಳಲ್ಲಿ ಹೆಚ್ಚಾಗಿ ಸಿಗದ ಭಾಗ್ಯ ಇದು. ಸ್ಟಾಪ್‌ವಾಚ್ ಹಿಡಿದು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು, ಅವರು ಮಾಡಿದ್ದನ್ನು ಬರೆದುಕೊಳ್ಳಬೇಕು. ಒಂದು ಮಧ್ಯಾಹ್ನದ ಪ್ರಾಕ್ಟಿಕಲ್ ಹೇಳುತ್ತೇನೆ. ಸ್ಟ್ರೂಪ್ ಪ್ರಯೋಗ ಅಂತ, 1935ರದ್ದು. ಬಣ್ಣದ ಹೆಸರನ್ನು ಬೇರೆ ಬಣ್ಣದಲ್ಲಿ ಬರೆದಿರುತ್ತಾರೆ. "ಕೆಂಪು" ಅನ್ನುವ ಪದ ನೀಲಿ ಶಾಯಿಯಲ್ಲಿ, "ಹಸಿರು" ಅನ್ನುವುದು ಕೆಂಪು ಶಾಯಿಯಲ್ಲಿ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಸ್ಟ್ರೂಪ್ ನೂರು ಬಣ್ಣದ ಚೌಕಗಳನ್ನು ತೋರಿಸಿದಾಗ ಜನ ಸರಾಸರಿ 63 ಸೆಕೆಂಡಿನಲ್ಲಿ ಬಣ್ಣ ಹೇಳಿದ್ದರು. ಇಂಥ ಎಡವಟ್ಟು ಪದಗಳನ್ನು ತೋರಿಸಿದಾಗ 110 ಸೆಕೆಂಡು ಬೇಕಾಯಿತು. ಓದು ಬರುವವರಿಗೆ ಓದದೇ ಇರುವುದು ಕಷ್ಟ, ಕಣ್ಣಿಗೆ ಬಿದ್ದ ಪದವನ್ನು ಮನಸ್ಸು ತಾನೇ ಓದಿಬಿಡುತ್ತದೆ.

ನಾವು ಡ್ರಾಯಿಂಗ್ ಶೀಟ್ ತಂದು, ಸ್ಕೆಚ್ ಪೆನ್ನಿನಲ್ಲಿ ಎರಡು ಹಾಳೆ ಮಾಡಿದೆವು. ಒಂದು ಕನ್ನಡದ ಪದಗಳದ್ದು, ಇನ್ನೊಂದು ಇಂಗ್ಲಿಷ್ ಪದಗಳದ್ದು. ಮೊದಲು ಕೂತ ಹುಡುಗಿ ಮನೆಯಲ್ಲಿ ಕೊಡವ ತಕ್ಕ್ ಮಾತಾಡುವವಳು, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದ ಹಾಳೆ ಸರಾಗವಾಗಿ ಮುಗಿಸಿದಳು. ಇಂಗ್ಲಿಷ್ ಹಾಳೆಯಲ್ಲಿ ಮೂರನೇ ಸಾಲಿಗೆ ಬರುವಷ್ಟರಲ್ಲಿ ನಾಲಿಗೆ ತೊಡರಿತು, ಕಣ್ಣು ಮುಚ್ಚಿ ತೆರೆದು, ಬೆರಳಿಟ್ಟು ಒಂದೊಂದೇ ಹೇಳಿದಳು. ಆಮೇಲೆ ಸೋಮವಾರಪೇಟೆ ಕಡೆಯ ಹುಡುಗ ಕೂತ. ಹತ್ತನೆಯವರೆಗೂ ಕನ್ನಡ ಶಾಲೆ. ಅವನಿಗೆ ಸರಿಯಾಗಿ ಉಲ್ಟಾ ಆಯಿತು. ಕ್ಲಾಸಿಗೆ ಕ್ಲಾಸೇ ಎದ್ದು ಮೇಜಿನ ಸುತ್ತ ನಿಂತಿತ್ತು. ಒಬ್ಬಳು ತಕ್ಷಣ, "ಮ್ಯಾಮ್, ಹಾಗಾದರೆ ಯಾವ ಭಾಷೆಯಲ್ಲಿ ಜಾಸ್ತಿ ಓದಿದ್ದಾರೋ ಅದೇ ಜಾಸ್ತಿ ಕಾಟ ಕೊಡುತ್ತೆ ಅಂತಾಯ್ತು" ಅಂದಳು. ಹಿಂದಿನಿಂದ ಇನ್ನೊಬ್ಬ, "ಇಬ್ಬರನ್ನ ನೋಡಿ ಹಾಗೆ ಹೇಳೋಕಾಗುತ್ತಾ?" ಅಂದ. ಆ ಎರಡನೇ ಪ್ರಶ್ನೆ ಬಂದಾಗ ನನಗೆ ಆದ ಸಮಾಧಾನ ಹೇಳಲು ಬರುವುದಿಲ್ಲ. ಆ ದಿನ ನಾನು ಕಲಿಸಬೇಕಾದ್ದು ಮುಗಿದಿತ್ತು. ಎಷ್ಟು ಜನರನ್ನು ನೋಡಿದೆ, ಯಾವ ಹಾಳೆ ಮೊದಲು ಕೊಟ್ಟೆ, ಎರಡನೇ ಹಾಳೆ ಹೊತ್ತಿಗೆ ಸುಸ್ತಾಗಿತ್ತಾ ಅಥವಾ ಅಭ್ಯಾಸ ಆಗಿತ್ತಾ? ಪ್ರಮಾಣಿಸಿ ನೋಡುವುದು ಅಂದರೆ ಇದೇ.

ಇಲ್ಲಿ ಮಕ್ಕಳಿಗೆ ಒಂದು ಬೇಡಿಕೆ. ದಯವಿಟ್ಟು ಸೀನಿಯರ್ ರೆಕಾರ್ಡ್ ತಂದು ಅಂಕಿಗಳನ್ನು ಕಾಪಿ ಮಾಡಬೇಡಿ. ಇದು ಎಲ್ಲಾ ಕಡೆ ನಡೆಯುತ್ತದೆ, ನನಗೆ ಗೊತ್ತು. ನಿಮ್ಮ ಅಂಕಿ ಪುಸ್ತಕದಲ್ಲಿ ಹೇಳಿದ ಹಾಗೆ ಬರದಿದ್ದರೆ ಬರದಿರಲಿ. ಬರಲಿಲ್ಲ ಅಂತಲೇ ಬರೆದು, ಯಾಕಿರಬಹುದು ಅಂತ ನಾಲ್ಕು ಸಾಲು ಬರೆಯಿರಿ. ಮಳೆ ಅಳೆಯದೆ ಪಕ್ಕದ ತೋಟದವರ ಲೆಕ್ಕ ಬರೆದುಕೊಂಡರೆ ಆ ಪುಸ್ತಕ ಯಾಕೆ ಬೇಕು?

ಕಲಿಕೆಯ ಅಧ್ಯಾಯ ನಮ್ಮ ಊರಿಗೆ ತುಂಬಾ ಹತ್ತಿರದ್ದು. ಥಾರ್ನ್‌ಡೈಕ್ ಅನ್ನುವವರು 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಅವು ಚಿಲಕ ತೆಗೆಯುವುದು ಹೇಗೆ ಕಲಿಯುತ್ತವೆ ಅಂತ ನೋಡಿದರು. ಮೊದಲು ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ತಳ್ಳುತ್ತದೆ. ಅಕಸ್ಮಾತ್ ಒಂದು ಸಲ ಚಿಲಕ ತೆಗೆದುಕೊಳ್ಳುತ್ತದೆ, ಹೊರಗೆ ಊಟ ಸಿಗುತ್ತದೆ. ಮಾಡುತ್ತಾ ಮಾಡುತ್ತಾ ಬೇಗ ತೆಗೆಯುತ್ತದೆ. ಇದನ್ನು ಓದುವಾಗ ಸಿದ್ದಾಪುರ, ತಿತಿಮತಿ ಕಡೆಯ ಮಕ್ಕಳು ಸುಮ್ಮನೆ ಕೂರುವುದಿಲ್ಲ. ಅವರಿಗೆ ಆನೆ ಗೊತ್ತು. ಸೋಲಾರ್ ಬೇಲಿಗೆ ಸೊಂಡಿಲು ತಾಗಿದರೆ ಶಾಕ್, ದಂತಕ್ಕೆ ಶಾಕ್ ಇಲ್ಲ. ದಂತದಲ್ಲಿ ತಂತಿ ಕೀಳುವ ಆನೆ, ತಂತಿ ಮೇಲೆ ಮರ ಬೀಳಿಸಿ ದಾಟುವ ಆನೆ, ಎರಡನ್ನೂ ಕಂಡವರು ಇದ್ದಾರೆ. ಪಟಾಕಿ ಹೊಡೆದರೆ ಮೊದಲು ಓಡುತ್ತಿದ್ದ ಆನೆ ಬರುಬರುತ್ತಾ ಕಿವಿಯನ್ನೂ ಆಡಿಸುವುದಿಲ್ಲ. ಅದಕ್ಕೂ ಪಠ್ಯದಲ್ಲಿ ಒಂದು ಹೆಸರಿದೆ, ಹ್ಯಾಬಿಚುಯೇಶನ್. ಬರೀ ಸದ್ದು, ಅದರ ಹಿಂದೆ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಯಾವ ಪ್ರಾಣಿಯೂ ಗಮನ ಕೊಡುವುದಿಲ್ಲ. ಮನೆಯಲ್ಲಿ ದಿನವಿಡೀ ಮಕ್ಕಳನ್ನು ಗದರುವವರು ಇದನ್ನು ಯೋಚಿಸಬೇಕು.

ಈಗ ನೆನಪು. ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಯಾಕೆಂದರೆ ಈ ಕೋರ್ಸನ್ನು ಓದುವುದು ಹೇಗೆ ಅನ್ನುವುದೂ ಈ ಅಧ್ಯಾಯದಲ್ಲೇ ಇದೆ, ಮತ್ತು ಮಕ್ಕಳು ಅದನ್ನು ಓದಿ ಪರೀಕ್ಷೆಯಲ್ಲಿ ಬರೆಯುತ್ತಾರೆಯೇ ಹೊರತು ತಮ್ಮ ಓದಿಗೆ ಹಚ್ಚುವುದಿಲ್ಲ.

ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಜರ್ಮನಿಯವರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಿತು, ಎರಡನೇ ಸಲ ಎಷ್ಟು ಸಮಯ ಉಳಿಯಿತು ಅಂತ ಲೆಕ್ಕ ಹಾಕಿದರು. 1885ರಲ್ಲಿ ಪ್ರಕಟಿಸಿದರು. ಇಪ್ಪತ್ತು ನಿಮಿಷ ಬಿಟ್ಟರೆ ಉಳಿತಾಯ ಶೇ. 58. ಒಂದು ಗಂಟೆಗೆ ಶೇ. 44. ಒಂದು ದಿನಕ್ಕೆ ಶೇ. 34. ಅಲ್ಲಿಂದ ಮುಂದೆ ಒಂದು ತಿಂಗಳಾದರೂ ಶೇ. 21 ಇತ್ತು. ಅಂದರೆ ಮರೆವು ಶುರುವಿನಲ್ಲೇ ಜಾಸ್ತಿ, ಆಮೇಲೆ ನಿಧಾನ. ಇವತ್ತು ಕ್ಲಾಸಿನಲ್ಲಿ ಕೇಳಿದ್ದನ್ನು ಇವತ್ತು ರಾತ್ರಿ ಹತ್ತು ನಿಮಿಷ ನೋಡಿದರೆ ಎಷ್ಟು ಲಾಭ ಅಂತ ನೀವೇ ಯೋಚಿಸಿ.

ನೋಡುವುದು ಅಂದೆ, ಅದರಲ್ಲೂ ಒಂದು ಮಾತಿದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಮಾಡಿದರು. ಕಾಲೇಜು ಮಕ್ಕಳಿಗೆ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಆಮೇಲೆ ಮೂರು ಸರದಿ ಪುಸ್ತಕ ಮುಚ್ಚಿಟ್ಟು ನೆನಪಿದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಓದಿದವರೇ ಮುಂದೆ, ಅವರಿಗೆ ಶೇ. 83, ಮುಚ್ಚಿಟ್ಟು ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಮಾಡಿದರೆ ಓದಿದವರಿಗೆ ಶೇ. 40, ಮುಚ್ಚಿಟ್ಟು ಬರೆದವರಿಗೆ ಶೇ. 61. ಓದಿದವರಿಗೆ ಮಾತ್ರ ತಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ಧೈರ್ಯ ಜಾಸ್ತಿ ಇತ್ತು. ನನ್ನ ಮಕ್ಕಳು ಹೈಲೈಟರ್ ಹಿಡಿದು ಇಡೀ ಪುಟಕ್ಕೆ ಹಳದಿ ಬಳಿದು, ರಾತ್ರಿ ಹನ್ನೆರಡರವರೆಗೆ ಅದನ್ನೇ ಮತ್ತೆ ಮತ್ತೆ ಓದಿ, ಪರೀಕ್ಷಾ ಹಾಲಿನಲ್ಲಿ "ಎಲ್ಲಾ ಗೊತ್ತಿತ್ತು ಮ್ಯಾಮ್, ಬರೆಯೋಕೆ ಬರಲಿಲ್ಲ" ಅಂತ ಅಳುವುದನ್ನು ನೋಡಿದ್ದೇನೆ. ಆ ಮಕ್ಕಳು ಸೋಮಾರಿಗಳಲ್ಲ. ದುಡಿದಿದ್ದಾರೆ, ದುಡಿದ ರೀತಿ ತಪ್ಪಿದೆ. ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ಬರೆಯಿರಿ. ಇಲ್ಲವಾದರೆ ಅಮ್ಮನಿಗೋ ಅಜ್ಜಿಗೋ ಕಾಫಿ ಕಣದಲ್ಲಿ ಕೂತು ಹೇಳಿ, ಅವರು "ಅದು ಹೇಗೆ?" ಅಂತ ಕೇಳಿದಾಗ ಎಲ್ಲಿ ತಡವರಿಸುತ್ತೀರೋ ಅಲ್ಲೇ ನಿಮಗೆ ಪಾಠ ಬಂದಿಲ್ಲ.

ಈಗ ಜೇಬಿನಲ್ಲಿರುವ ಚೀಟಿಯ ವಿಷಯಕ್ಕೆ ಬರುತ್ತೇನೆ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಅನ್ನುವ ಗಗನನೌಕೆ ಹಾರಿದ 73 ಸೆಕೆಂಡಿನಲ್ಲಿ ಸಿಡಿಯಿತು. ಒಳಗಿದ್ದ ಏಳು ಜನ ಸತ್ತರು. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಅನ್ನುವ ಪ್ರಾಧ್ಯಾಪಕರಿದ್ದರು. ಮರುದಿನ ಬೆಳಿಗ್ಗೆಯೇ ಅಲ್ಲಿನ ಸೈಕಾಲಜಿ ಕೋರ್ಸಿನ 106 ಮಕ್ಕಳ ಕೈಯಲ್ಲಿ, ಸುದ್ದಿ ಹೇಗೆ ಗೊತ್ತಾಯಿತು, ಎಲ್ಲಿದ್ದಿರಿ ಅಂತ ಬರೆಸಿದರು. ನೋಡಿ, ನೀವು ಸೇರಬೇಕು ಅಂದುಕೊಂಡಿರುವ ಮೊದಲ ವರ್ಷದ ಕೋರ್ಸಿನಂಥದ್ದೇ ಒಂದು ಕೋರ್ಸಿನ ಮಕ್ಕಳು. ಎರಡೂವರೆ ವರ್ಷ ಬಿಟ್ಟು ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ ಕೇಳಿದರು. ಮೊದಲು ಬರೆದದ್ದಕ್ಕೆ ಎಷ್ಟು ಹೊಂದುತ್ತದೆ ಅಂತ ಏಳಕ್ಕೆ ಅಂಕ ಕೊಟ್ಟರೆ ಸರಾಸರಿ 2.95. ಹನ್ನೊಂದು ಜನರಿಗೆ ಸೊನ್ನೆ. ಮೂರೇ ಜನರಿಗೆ ಪೂರ್ತಿ ಏಳು. ಕ್ಲಾಸಿನಲ್ಲಿ ಬೇರೆಯವರಿಂದ ಕೇಳಿದ್ದು ಅಂತ ಮೊದಲು ಬರೆದ ಒಬ್ಬರು ಆಮೇಲೆ ಹಾಸ್ಟೆಲಿನಲ್ಲಿ ಟಿವಿಯಲ್ಲಿ ನೋಡಿದ್ದು ಅಂದರು. ಅಷ್ಟೇ ಅಲ್ಲ, ತಪ್ಪು ಹೇಳಿದವರಲ್ಲೂ ಎಷ್ಟೋ ಜನರಿಗೆ ತಮ್ಮ ನೆನಪಿನ ಬಗ್ಗೆ ತುಂಬಾ ಭರವಸೆ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ವಾಪಸ್ ಬರಲಿಲ್ಲ.

ನನ್ನ ವಿಷಯ ಹೇಳುತ್ತೇನೆ. ನಾನು ವಿರಾಜಪೇಟೆ ಕಡೆಯವಳು. 2018ರ ಆ ದಿನದ ಬಗ್ಗೆ ಐದಾರು ವರ್ಷ ನಾನು ಒಂದೇ ಕಥೆ ಹೇಳಿಕೊಂಡು ಬಂದಿದ್ದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ತಟ್ಟುತ್ತಾ ಇದ್ದೆ, ಅಕ್ಕ ಫೋನ್ ಮಾಡಿದಳು, ಜೋಡುಪಾಲದಲ್ಲಿ ರಸ್ತೆಯೇ ಇಲ್ಲ ಅಂದಳು, ಕಾವಲಿ ಮೇಲಿದ್ದ ಒಟ್ಟಿ ಹಾಗೇ ಸೀದುಹೋಯಿತು. ಆ ಸೀದ ವಾಸನೆ ಕೂಡ ನೆನಪಿದೆ. ಹೋದ ವರ್ಷ ಅಪ್ಪನ ಮಳೆ ಪುಸ್ತಕಗಳನ್ನು ಬಿಸಿಲಿಗೆ ಹಾಕುವಾಗ ಆ ವರ್ಷದ್ದು ಸಿಕ್ಕಿತು. ಅಪ್ಪ ಇಂಚಿನ ಪಕ್ಕದಲ್ಲಿ ಸಣ್ಣಗೆ ಟಿಪ್ಪಣಿ ಬರೆಯುತ್ತಿದ್ದರು. ಆ ದಿನದ ಎದುರು ಪೆನ್ಸಿಲಿನಲ್ಲಿ ಹೀಗಿತ್ತು: ಕರೆಂಟ್ ಇಲ್ಲ, ಮೂರು ದಿನದಿಂದ ಫೋನ್ ಇಲ್ಲ, ಸಂಜೆ ಹಾಲಿನವನು ಬಂದು ಹೇಳಿದ, ಮಡಿಕೇರಿ ಕಡೆ ಗುಡ್ಡ ಹೋಗಿದೆ.

ಫೋನೇ ಇರಲಿಲ್ಲ. ಅಕ್ಕನನ್ನು ಕೇಳಿದೆ, ಅವಳು ಫೋನ್ ಮಾಡಿದ್ದು ಲೈನ್ ಸರಿಹೋದ ಮೇಲೆ, ಯಾವ ದಿನ ಅಂತ ಅವಳಿಗೂ ನೆನಪಿಲ್ಲ. ಅಕ್ಕನ ದನಿ, ಒಟ್ಟಿಯ ವಾಸನೆ, ಹಾಲಿನವನ ಸುದ್ದಿ, ಮೂರೂ ಬೇರೆ ಬೇರೆ ದಿನದ್ದಿರಬೇಕು, ನನ್ನ ಮನಸ್ಸು ಅವನ್ನು ಒಂದೇ ದಿನಕ್ಕೆ ಹೊಲಿದಿದೆ. ಪಾಠ ಮಾಡಿ ಮಾಡಿ ಗೊತ್ತಿರುವ ವಿಷಯ. ಆದರೂ ಆ ಪೆನ್ಸಿಲ್ ಸಾಲು ನೋಡಿದಾಗ ತೋಟದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಪ್ರಶ್ನೆ ಕೇಳುವ ರೀತಿಯಿಂದಲೂ ನೆನಪು ಬದಲಾಗುತ್ತದೆ. ಎಲಿಜಬೆತ್ ಲಾಫ್ಟಸ್ 1974ರಲ್ಲಿ ಕಾರು ಅಪಘಾತದ ಫಿಲ್ಮ್ ತೋರಿಸಿ, ಕೆಲವರಿಗೆ "ಅಪ್ಪಳಿಸಿದಾಗ" ವೇಗ ಎಷ್ಟಿತ್ತು ಅಂತಲೂ, ಕೆಲವರಿಗೆ "ಗುದ್ದಿದಾಗ" ಅಂತಲೂ ಕೇಳಿದರು. ವಾರ ಬಿಟ್ಟು, ಗಾಜು ಒಡೆದಿತ್ತಾ ಅಂತ ಕೇಳಿದರೆ "ಅಪ್ಪಳಿಸಿದಾಗ" ಗುಂಪಿನ 50 ಜನರಲ್ಲಿ 16 ಜನ ಹೌದು ಅಂದರು, ಇನ್ನೊಂದು ಗುಂಪಿನಲ್ಲಿ 7 ಜನ. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಜಗಳ ಪಂಚಾಯ್ತಿ ಮಾಡುವ ಹಿರಿಯರು ಇಲ್ಲಿದ್ದರೆ ಇದನ್ನು ಮನಸ್ಸಿನಲ್ಲಿಡಿ.

ತಂದೆತಾಯಿಗಳಿಗೆ ಒಂದು ಮುಖ್ಯ ವಿಷಯ. ಮೊದಲ ವರ್ಷದ ಮಕ್ಕಳು ಮಾನಸಿಕ ಕಾಯಿಲೆಗಳ ಅಧ್ಯಾಯ ಓದಿದ ಕೂಡಲೇ ಎಲ್ಲಾ ಲಕ್ಷಣಗಳೂ ತಮ್ಮಲ್ಲೇ ಕಾಣಿಸಲು ಶುರುವಾಗುತ್ತವೆ. ಆಮೇಲೆ ಮನೆಯವರಲ್ಲಿ. ಚಿಕ್ಕಪ್ಪನಿಗೆ ಇಂಥ ಡಿಸಾರ್ಡರ್, ರೂಮ್‌ಮೇಟ್‌ಗೆ ಅಂಥದ್ದು. ನಾನು ಆ ಅಧ್ಯಾಯಕ್ಕೆ ಮೊದಲು ಫೋರರ್ ಪ್ರಯೋಗ ಮಾಡಿಸುತ್ತೇನೆ. 1948ರಲ್ಲಿ ಬರ್ಟ್ರಮ್ ಫೋರರ್ ತಮ್ಮ ಮೊದಲ ಹಂತದ ಸೈಕಾಲಜಿ ಕ್ಲಾಸಿನ 39 ಮಕ್ಕಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ವಾರ ಬಿಟ್ಟು ಒಬ್ಬೊಬ್ಬರಿಗೂ "ಇದು ನಿನ್ನ ಫಲಿತಾಂಶ" ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಕೊಡಿ ಅಂದರೆ ಸರಾಸರಿ 4.26 ಬಂತು. ಎಲ್ಲರ ಹಾಳೆಯೂ ಒಂದೇ ಆಗಿತ್ತು, ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ ಸಾಲುಗಳು. ನನ್ನ ಕ್ಲಾಸಿನಲ್ಲಿ "ಹೊರಗೆ ಧೈರ್ಯವಾಗಿ ಕಂಡರೂ ಒಳಗೊಳಗೇ ಚಿಂತೆ ಮಾಡುತ್ತೀರಿ" ಅಂತ ಬರೆದು ಹಂಚಿದರೆ ಎಲ್ಲರೂ ತಮ್ಮದೇ ಅಂತ ತಲೆ ಆಡಿಸುತ್ತಾರೆ. ಲಕ್ಷಣಗಳ ಪಟ್ಟಿಯೂ ಹಾಗೇ ಓದಿಸಿಕೊಳ್ಳುತ್ತದೆ. ಕಾಯಿಲೆ ಅಂತ ಕರೆಯಲು ಎಷ್ಟು ವಾರ ಇರಬೇಕು, ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಗಿರಬೇಕು ಅನ್ನುವ ಲೆಕ್ಕ ಇದೆ, ಆ ಲೆಕ್ಕ ಹಾಕಲು ತರಬೇತಿ ಆದವರು ಇದ್ದಾರೆ.

ಇದರ ಇನ್ನೊಂದು ಬದಿಯನ್ನೂ ಹೇಳಬೇಕು. ಆ ಅಧ್ಯಾಯ ಮುಗಿದ ಮೇಲೆ ಪ್ರತಿ ವರ್ಷ ಒಬ್ಬಿಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಎಲ್ಲರೂ ಹೋಗುವವರೆಗೆ ಕಾದು, "ಮ್ಯಾಮ್, ನಿಜವಾಗಿಯೂ ನಿದ್ದೆ ಬರ್ತಿಲ್ಲ" ಅನ್ನುತ್ತಾರೆ. ಅಂಥವರಿಗೆ ಪಾಠ ಹೇಳಲು ಹೋಗಬಾರದು. ಕೂರಿಸಿ ಕೇಳಬೇಕು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಬೇಕು. ಟೆಲಿ ಮಾನಸ್ ಅಂತ 2022ರಲ್ಲಿ ಶುರುವಾದ ಸಹಾಯವಾಣಿ ಇದೆ, ನಂಬರ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಈ ನಂಬರ್ ಫೋನಿಗೆ ಹಾಕಿಕೊಳ್ಳಿ, ಈಗಲೇ.

ಕೆಲಸದ ಪ್ರಶ್ನೆ ಕೇಳುವವರಿಗೆ ಚುಟುಕಾಗಿ: ಬಿ.ಎ. ಸೈಕಾಲಜಿ ಮುಗಿಸಿದ ಕೂಡಲೇ ಯಾರೂ ಚಿಕಿತ್ಸೆ ಕೊಡುವ ಹಾಗಿಲ್ಲ. ಮನೋವೈದ್ಯರು ಎಂಬಿಬಿಎಸ್ ಮಾಡಿ ಅದರ ಮೇಲೆ ಓದಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಡಿಗ್ರಿ ಆದ ಮೇಲೆ ಇನ್ನೂ ಓದು, ತರಬೇತಿ ಬೇಕು, ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ದೂರದ ದಾರಿ. ಆದರೆ ಮೊದಲ ವರ್ಷದ ಕೋರ್ಸು ಟೀಚರ್ ಆಗುವವರಿಗೂ, ನರ್ಸ್ ಆಗುವವರಿಗೂ, ಹೋಮ್‌ಸ್ಟೇ ನಡೆಸುವವರಿಗೂ ಪ್ರಯೋಜನವೇ.

ಕೊನೆಯದಾಗಿ ಮಕ್ಕಳಿಗೆ, ಪಠ್ಯಪುಸ್ತಕದ ಬಗ್ಗೆ. ನಾನು ಇವತ್ತು ಹೇಳಿದ ಪ್ರಯೋಗಗಳನ್ನು ನೆನಪು ಮಾಡಿಕೊಳ್ಳಿ. ಎಮರಿಯ ವಿದ್ಯಾರ್ಥಿಗಳು, ಫೋರರ್ ವಿದ್ಯಾರ್ಥಿಗಳು, ರೋಡಿಗರ್ ವಿದ್ಯಾರ್ಥಿಗಳು. ಎಲ್ಲರೂ ಅಮೆರಿಕದ ಕಾಲೇಜಿನ ಮಕ್ಕಳು. ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು 2010ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಪ್ರಮುಖ ಜರ್ನಲ್‌ಗಳಲ್ಲಿ ಬಂದ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ. 96 ಜನ ಪಶ್ಚಿಮದ ಶ್ರೀಮಂತ ದೇಶಗಳವರು, ಆ ದೇಶಗಳಲ್ಲಿ ಇರುವುದು ಪ್ರಪಂಚದ ಶೇ. 12 ಜನ. ಅದಲ್ಲದೆ 2015ರಲ್ಲಿ ಹಳೆಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಶೇ. 36ರಷ್ಟರಲ್ಲಿ ಮಾತ್ರ ಪರಿಣಾಮ ಮತ್ತೆ ಸ್ಪಷ್ಟವಾಗಿ ಕಂಡಿತು. ಕೆಲವರು ಇದನ್ನು ಕೇಳಿ ಈ ಶಾಸ್ತ್ರವೇ ಟೊಳ್ಳು ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ತನ್ನ ಲೆಕ್ಕ ತಪ್ಪಿದೆ ಅಂತ ತಾನೇ ಅಳೆದು, ಅಂಕಿ ಸಮೇತ ಬರೆದಿಟ್ಟಿದೆಯಲ್ಲ, ಅದಕ್ಕೇ ನನಗೆ ಇದರ ಮೇಲೆ ಗೌರವ.

ಒಕ್ಕದ, ಅಂದರೆ ಕುಲದ, ಹಿರಿಯರನ್ನು ಕೇಳದೆ ಮದುವೆ ಮಾತು ಎತ್ತದ ಮನೆಯಲ್ಲಿ, ಪುತ್ತರಿ ಹಬ್ಬಕ್ಕೆ ಎಲ್ಲಿದ್ದರೂ ಕುಲದ ಮೂಲಮನೆಯಾದ ಐನ್‌ಮನೆಗೆ ಬಂದು ಸೇರುವ ಕುಟುಂಬದಲ್ಲಿ, ತೋಟದ ಕೆಲಸಗಾರರ ಲೈನ್ ಮನೆಯಲ್ಲಿ, ಬುಡಕಟ್ಟಿನವರ ಹಾಡಿಯಲ್ಲಿ ಬೆಳೆದ ಹುಡುಗ ಹುಡುಗಿಯರು "ನಾನು" ಅನ್ನುವಾಗ ಏನು ಅರ್ಥದಲ್ಲಿ ಅನ್ನುತ್ತಾರೆ? ಪಠ್ಯದ "ನಾನು" ಅದೇನಾ? ಹಿತ್ತಲ ಗಿಡ ಮದ್ದಲ್ಲ ಅಂತ ಬಿಟ್ಟಿದ್ದೇವೆ. ಯಾರಾದರೂ ಅಳೆಯಬೇಕು. ಇಲ್ಲಿ ಕೂತವರಲ್ಲಿ ಒಬ್ಬರು ಅಳೆಯಲಿ ಅಂತ ನನ್ನ ಆಸೆ.

ಚೀಟಿ ತೆಗೆಯಿರಿ. ಒಂದೇ ಮನೆಯಿಂದ ಬಂದವರು ಬದಲಾಯಿಸಿಕೊಂಡು ಓದಿ.

ಸಭೆಯಲ್ಲಿ ಗದ್ದಲ ಶುರುವಾಯಿತು. ಮುಂದಿನ ಸಾಲಿನ ತಾಯಿ ಮಗ ಇಬ್ಬರೂ ಐದಕ್ಕೆ ಐದು ಹಾಕಿದ್ದರು. ತಾಯಿ, ಮಗನನ್ನು ಶಾಲೆಯಿಂದ ಕರೆದುಕೊಂಡು ಬರುವಾಗ ಜೀಪಿನಲ್ಲಿ ಕೇಳಿದ್ದು ಅಂತ ಬರೆದಿದ್ದರು. ಮಗ, ಆ ವಾರ ಶಾಲೆಗೆ ರಜೆ ಇತ್ತು, ಮನೆಯಲ್ಲಿ ಟಿವಿ ನೋಡುವಾಗ ಅಂತ. "ಕರೆಂಟ್ ಎಲ್ಲಿತ್ತೋ ಟಿವಿ ನೋಡೋಕೆ?" ಅಂತ ತಾಯಿ ಕೇಳಿದರು. ಹುಡುಗನಿಗೆ ಉತ್ತರ ಹೊಳೆಯಲಿಲ್ಲ.

ಆಗ ಹಿಂದಿನ ಬೆಂಚಿನಿಂದ ಒಬ್ಬರು ಎದ್ದರು. ಎಪ್ಪತ್ತು ದಾಟಿದವರು, ಮಕ್ಕಂದೂರು ಕಡೆಯವರು, ಮೊಮ್ಮಗಳ ಜೊತೆ ಬಂದಿದ್ದರು. "ಮೇಡಂ, ನನ್ನ ಗದ್ದೆ, ಕೊಟ್ಟಿಗೆ ಎಲ್ಲಾ ನನ್ನ ಕಣ್ಣೆದುರು ಹೋಯ್ತು. ಸದ್ದು ಈಗಲೂ ಕೇಳ್ತದೆ. ಅದೂ ಸುಳ್ಳು ನೆನಪು ಅಂತೀರಾ?" ಅಂದರು.

ಇಲ್ಲ ಅಜ್ಜ, ಅಂದೆ. ಅದೇ ನೈಸರ್ ಮತ್ತು ಜೊತೆಗಾರರು 1989ರ ಕ್ಯಾಲಿಫೋರ್ನಿಯಾ ಭೂಕಂಪದ ಮೇಲೂ ಇದನ್ನೇ ಮಾಡಿದ್ದರು. ದೂರದ ಅಟ್ಲಾಂಟಾದಲ್ಲಿ ಕೂತು ಸುದ್ದಿ ಕೇಳಿದವರ ನೆನಪು ತುಂಬಾ ಕದಲಿತ್ತು. ನೆಲ ನಡುಗುವಾಗ ಅಲ್ಲೇ ಇದ್ದವರ ನೆನಪು ಒಂದೂವರೆ ವರ್ಷ ಬಿಟ್ಟರೂ ಹೆಚ್ಚುಕಮ್ಮಿ ಹಾಗೇ ಇತ್ತು. ನಾವು ಸುದ್ದಿ ಕೇಳಿದವರು. ನೀವು ಅಲ್ಲಿದ್ದವರು. ಈಗಲೇ ಬರೆದಿಟ್ಟರೆ ಒಳ್ಳೆಯದು, ಇನ್ನೂ ವರ್ಷ ಕಳೆಯುವ ಮೊದಲು.

ಅವರು ಬಾಗಿಲಲ್ಲಿ ಚೀಟಿ ತಗೊಂಡಿರಲಿಲ್ಲ. ಮೊಮ್ಮಗಳು ಓಡಿಹೋಗಿ ನಾಲ್ಕು ಚೀಟಿ ತಂದಳು. ಸಾಲದು ಅಂತ ಅವಳೇ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ತೊಡೆಯ ಮೇಲಿಟ್ಟು, "ಹೇಳಿ ಅಜ್ಜ, ಬೆಳಿಗ್ಗೆ ಎಷ್ಟು ಗಂಟೆ?" ಅಂತ ಕೇಳಿದಳು.